ಗುಂಡಿ ಟೀಚರ್‌ಗೆ ಪಠ್ಯಪುಸ್ತಕ ಬಂತು

"ನಾಳೆ ಗುಂಡಿ ಟೀಚರ್ ಕ್ಲಾಸಿದೆ, ಒಂದು ಹಳೇ ಅಂಗಿ ಬೇಕು" ಎಂದು ಮಗಳು ಹೇಳಿದಾಗ ನಾನು ಪೇಪರಿನಿಂದ ತಲೆ ಎತ್ತದೆಯೇ ಎಲ್ಲವನ್ನೂ ಅರ್ಥ ಮಾಡಿಕೊಂಡೆ. ಅರ್ಥ ಮಾಡಿಕೊಳ್ಳುವ ವಿಷಯದಲ್ಲಿ ನನ್ನದು ಯಾವಾಗಲೂ ಸ್ವಲ್ಪ ಅವಸರ. ಗುಂಡಿ ಎಂದರೆ ಗಿಡ ನೆಡುವ ಗುಂಡಿ. ಗಿಡ ನೆಟ್ಟರೆ ಬಟ್ಟೆ ಮಣ್ಣಾಗುತ್ತದೆ. ಅದಕ್ಕೇ ಹಳೇ ಅಂಗಿ. ಮಗಳು ಹೈಸ್ಕೂಲಿಗೆ ಆಗಷ್ಟೇ ಸೇರಿದ್ದಳು. ಶಾಲೆಯವರಿಗೆ ಅಂತೂ ಬುದ್ಧಿ ಬಂತಲ್ಲ ಎಂದು ಖುಷಿಪಟ್ಟು, ನನ್ನದೇ ಒಂದು ಹಳೇ ಅಂಗಿಯ ಜೊತೆಗೆ, ಯಾರೂ ಕೇಳದಿದ್ದರೂ, ಹಿತ್ತಲಲ್ಲಿ ಬಿದ್ದಿದ್ದ ಸಣ್ಣ ಗುದ್ದಲಿಯನ್ನೂ ಚೀಲದಲ್ಲಿ ಸುತ್ತಿ ಕಳಿಸಿದೆ.

ಸಂಜೆ ಅಂಗಿಯೂ ಗುದ್ದಲಿಯೂ ಹೋದ ಹಾಗೇ ವಾಪಸ್ಸು ಬಂದವು. ಜೊತೆಗೆ ಬಾಯಿಮಾತಿನ ಒಂದು ಸಂದೇಶ. ಮಗಳು ಅದನ್ನು ಟೀಚರ್ ಧಾಟಿಯಲ್ಲೇ, ಸೊಂಟದ ಮೇಲೆ ಕೈಯಿಟ್ಟುಕೊಂಡು ಒಪ್ಪಿಸಿದಳು.

"ನಿಮ್ಮಪ್ಪನಿಗೆ ಹೇಳು, ನಂದು ಹೊಲಿಯೋ ಗುಂಡಿ, ತೋಡೋ ಗುಂಡಿ ಅಲ್ಲ. ಗುಂಡಿ ಕಿತ್ತುಹೋಗಿರೋ ಅಂಗಿ ತನ್ನಿ ಅಂದ್ರೆ, ಇದರಲ್ಲಿ ಮೇಲಿಂದ ಕೆಳಗಿನ ತನಕ ಎಲ್ಲಾ ನೆಟ್ಟಗಿವೆ. ಕಿತ್ತುಹೋಗಿರೋದು ಬೇರೆ ಎಲ್ಲೋ ಇರಬೇಕು."

ಹೀಗೆ ದೂರದಿಂದಲೇ ಪರಿಚಯವಾದವರನ್ನು ನಾನು ಎದುರಿಗೆ ನೋಡಿದ್ದು ಪೋಷಕರ ಸಭೆಯಲ್ಲಿ. ಐವತ್ತು ದಾಟಿದ, ಅಳತೆಗೋಲಿನ ಹಾಗೆ ನೆಟ್ಟಗಿದ್ದ ಹೆಂಗಸು. ಮೈಮೇಲೆ ಲ್ಯಾಬಿನ ಬಿಳಿ ಕೋಟು. ಅದರ ಕಾಲರಿನ ಒಳಮಗ್ಗುಲಲ್ಲಿ ದಾರ ಪೋಣಿಸಿಟ್ಟ ಒಂದು ಸೂಜಿ, ಯಾವ ಗಳಿಗೆಯಲ್ಲಿ ಯಾರ ಮಾನ ಕಾಪಾಡಬೇಕಾಗುತ್ತದೋ ಎಂಬಂತೆ ಸದಾ ಸಿದ್ಧ. ಅವರ ಎದುರು ನಿಂತ ಗಂಡಸರೆಲ್ಲ ಮಾತಾಡುತ್ತಲೇ ತಮ್ಮ ಅಂಗಿಯನ್ನೊಮ್ಮೆ ತಡವಿ ನೋಡಿಕೊಳ್ಳುತ್ತಿದ್ದರು. ನಾನೂ ನೋಡಿಕೊಂಡೆ. "ಓ, ಗುದ್ದಲಿಯವರು ನೀವೇನಾ?" ಎಂದರು. ಮುಂದೆ ನನ್ನನ್ನು ಪೋಷಕರ ಸಮಿತಿಯ ಸಹಕಾರ್ಯದರ್ಶಿ ಮಾಡಿದರು, ಆದರೆ ಆ ಶಾಲೆಯಲ್ಲಿ ನನಗೆ ನಿಂತ ಬಿರುದು ಅದೇ.

ಅವರು ನಿಜಕ್ಕೂ ರಸಾಯನಶಾಸ್ತ್ರದ ಟೀಚರ್. ಗುಂಡಿಗೆ ಇಳಿದದ್ದು ಆಮೇಲೆ. ಅದಕ್ಕೆ ಕಾರಣಳಾದವಳು ಹಿಂದೆಂದೋ ಅವರ ತರಗತಿಯಲ್ಲಿದ್ದ ಒಬ್ಬ ಹುಡುಗಿ. ಯಾವ ಸಮೀಕರಣ ಕೊಟ್ಟರೂ ಕಣ್ಣುಮುಚ್ಚಿ ಸರಿದೂಗಿಸುವವಳು, ಇಡೀ ಶಾಲೆಗೇ ಮೊದಲನೆಯವಳು. ಒಂದು ದಿನ ಲ್ಯಾಬಿನಲ್ಲಿ ಉರಿಯ ಮೇಲೆ ನೀರಿಟ್ಟು, "ಇದು ಕುದಿ ಬಂದ ತಕ್ಷಣ ನನ್ನ ಕರಿ" ಎಂದು ಅವಳಿಗೆ ಒಪ್ಪಿಸಿ ಟೀಚರ್ ಪಕ್ಕದ ಮೇಜಿಗೆ ಹೋದರು. ಎಷ್ಟು ಹೊತ್ತಾದರೂ ಕರೆ ಬರಲಿಲ್ಲ. ತಿರುಗಿ ಬಂದು ನೋಡಿದರೆ ಬೀಕರಿನಲ್ಲಿ ಹನಿ ನೀರಿಲ್ಲ, ಗಾಜು ಚಟಪಟ ಎನ್ನುತ್ತಿದೆ, ಹುಡುಗಿ ಕಣ್ಣು ಮಿಟುಕಿಸದೆ ಅದನ್ನೇ ನೋಡುತ್ತ ನಿಂತಿದ್ದಾಳೆ.

"ಯಾಕಮ್ಮ ಕರೀಲಿಲ್ಲ?"

"ಥರ್ಮಾಮೀಟರ್ ಕೊಟ್ಟಿರಲಿಲ್ಲ ಮಿಸ್. ನೂರು ಡಿಗ್ರಿಗೆ ಕುದಿಯುತ್ತೆ ಅಂತ ಗೊತ್ತು. ಸುಮ್ನೆ ನೋಡಿದ್ರೆ ಹೇಗೆ ಗೊತ್ತಾಗುತ್ತೆ?"

ಟೀಚರ್ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟರಂತೆ. ಕೂತವರು ಎದ್ದು ಸೀದಾ ಹೆಡ್‌ಮಾಸ್ಟರ ಕೋಣೆಗೆ ಹೋದರು.

"ಸಾರ್, ನನಗೆ ಎರಡು ಪಿರಿಯಡ್ ಜಾಸ್ತಿ ಕೊಡಿ. ಇವರಿಗೆ ನೀರು ಕಾಯಿಸೋದು ಕಲಿಸಬೇಕು."

"ಸಿಲಬಸ್ಸಲ್ಲಿ ಇಲ್ವಲ್ಲಮ್ಮ."

"ಹಸಿವೂ ಸಿಲಬಸ್ಸಲ್ಲಿ ಇಲ್ಲ ಸಾರ್. ದಿನಾ ಬರುತ್ತೆ."

ಹೆಡ್‌ಮಾಸ್ಟರು ಸಾಧು ಪ್ರಾಣಿ. ಯಾರ ಜೊತೆ ವಾದ ಮಾಡಿದರೂ ತಮಗೇ ತಲೆನೋವು ಬರುತ್ತದೆ ಎಂದು ಅನುಭವದಿಂದ ಅರಿತವರು. ಡ್ರಾಯಿಂಗ್ ಮೇಷ್ಟ್ರು ನಿವೃತ್ತರಾಗಿ ಅವರ ಪಿರಿಯಡ್ಡುಗಳು ಅನಾಥವಾಗಿದ್ದವು. ಅವನ್ನೂ, ಲ್ಯಾಬಿನ ಹಿಂದೆ ಮುರಿದ ಬೆಂಚುಗಳನ್ನು ತುಂಬಿಟ್ಟಿದ್ದ ಕೋಣೆಯನ್ನೂ ಕೊಟ್ಟು ಕೈತೊಳೆದುಕೊಂಡರು.

ಆ ಕೋಣೆಯನ್ನು ನೀವು ನೋಡಬೇಕಿತ್ತು. ಮೊಳೆ ಹೊಡೆದು ಹೊಡೆದು ಕಿತ್ತ ತೂತುಗಳಿಂದ ಒಂದು ಗೋಡೆಗೆ ಸಿಡುಬು ಬಂದು ಹೋದ ಹಾಗಿತ್ತು. ಒಂದು ಒಲೆ, ಒಂದು ಇಸ್ತ್ರಿಪೆಟ್ಟಿಗೆ. ಇಸ್ತ್ರಿ ಮೇಜಿನ ನಡುವೆ ಇಸ್ತ್ರಿಪೆಟ್ಟಿಗೆಯ ಆಕಾರದ್ದೇ ಒಂದು ಕಂದು ಕಲೆ. ಯಾವುದೋ ವರ್ಷದ ಹುಡುಗನೊಬ್ಬ ಸ್ನೇಹಿತನ ಜೊತೆ ಕ್ರಿಕೆಟ್ ಮಾತಾಡುತ್ತ ಅಲ್ಲಿ ತನ್ನ ಹೆಜ್ಜೆಗುರುತು ಉಳಿಸಿ ಹೋಗಿದ್ದ. ಟೀಚರ್ ಅದನ್ನು ಅಳಿಸಲು ಬಿಟ್ಟಿರಲಿಲ್ಲ. "ಇದು ನಮ್ಮ ಮೊದಲನೇ ಪಾಠ" ಎಂದು ಪ್ರತಿ ವರ್ಷ ಹೊಸ ಮಕ್ಕಳಿಗೆ ತೋರಿಸುತ್ತಿದ್ದರು.

ಪಾಠವೆಂದರೆ ಹೆಚ್ಚುಪಾಲು ಬೈಗುಳ. "ಕಣ್ಣಲ್ಲಿ ಹೊಲೀಬೇಡ ಕಣೋ, ಕೈಯಲ್ಲಿ ಹೊಲಿ." "ಇದೇನೇ ಇದು, ಗುಂಡಿನಾ ಹಾಲುಹಲ್ಲಾ? ಅಲ್ಲಾಡ್ತಾ ಇದೆ." "ಮೊಟ್ಟೆ ಬೇಯಿಸು ಅಂದ್ರೆ ಅದನ್ನ ಯಾಕೆ ಹಂಗೆ ದಿಟ್ಟಿಸ್ತೀಯ, ಅದೇನು ಮರಿ ಮಾಡ್ತದಾ?" ಹೊರಗೆ ಕಾರಿಡಾರಿನಲ್ಲಿ ಹೋಗುವವರಿಗೆ ಒಳಗೇನೋ ಜಗಳ ನಡೆಯುತ್ತಿದೆ ಎನ್ನಿಸುತ್ತಿತ್ತು. ಮಕ್ಕಳು ಮಾತ್ರ ಆ ಎರಡು ಪಿರಿಯಡ್ಡಿಗಾಗಿ ವಾರವಿಡೀ ಕಾಯುತ್ತಿದ್ದರು.

ಒಮ್ಮೆ ತರಗತಿಯ ಮಧ್ಯೆ ಅವರ ಯಜಮಾನರ ಫೋನು ಬಂತಂತೆ. ಯಜಮಾನರು ದೊಡ್ಡ ಕಚೇರಿಯೊಂದರಲ್ಲಿ ದೊಡ್ಡ ಕುರ್ಚಿಯವರು. ಅವರ ಸಹಿ ಬೀಳದೆ ಅಲ್ಲಿ ಒಂದು ಕಡತ ಮಿಸುಕುವುದಿಲ್ಲ.

"ಏನೇ, ಹಾಲು ಉಕ್ಕಿ ಬರ್ತಾ ಇದೆ. ಈ ಗ್ಯಾಸನ್ನ ಯಾವ ಕಡೆ ತಿರುಗಿಸಬೇಕು?"

ಟೀಚರ್ ಒಂದು ಕ್ಷಣ ಚಾವಣಿ ನೋಡಿದರು. ಆಮೇಲೆ ಫೋನಿನ ಸ್ಪೀಕರ್ ಒತ್ತಿ ಮಕ್ಕಳ ಕಡೆ ಹಿಡಿದು, "ಹೇಳ್ರಪ್ಪ ಇವರಿಗೆ" ಎಂದರು. ಇಡೀ ತರಗತಿ ಒಂದೇ ದನಿಯಲ್ಲಿ "ಬಲಕ್ಕೆ ಅಂಕಲ್!" ಎಂದು ಕೂಗಿತು. ಆ ಕಡೆಯಿಂದ ಟಕ್ ಎಂದು ಗ್ಯಾಸ್ ತಿರುಗಿಸಿದ ಸದ್ದು. ಆಮೇಲೆ ಸಣ್ಣ ದನಿಯಲ್ಲಿ, "ಥ್ಯಾಂಕ್ಸ್."

ಇದೆಲ್ಲ ಹೀಗೇ ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಒಳ್ಳೆಯ ಸುದ್ದಿ ಬೇಗ ಹರಡಿ ಕೆಡುತ್ತದೆ. ಶಾಲೆಯಲ್ಲಿ "ಬದುಕೋದು" ಕಲಿಸುತ್ತಾರಂತೆ ಎಂದು ತಿಳಿದ ಪೋಷಕರು, ತಮ್ಮ ಮನೆಯಲ್ಲಿ ಆಗದ್ದನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಟೀಚರ ಬಳಿ ಬರತೊಡಗಿದರು.

"ಮಿಸ್, ನಮ್ಮ ಹುಡುಗ ಬೆಳಿಗ್ಗೆ ಏಳೋದೇ ಇಲ್ಲ. ಅದನ್ನೂ ನಿಮ್ಮ ಕ್ಲಾಸಲ್ಲಿ ಸೇರಿಸ್ಕೊಳ್ಳಿ."

"ನಿಮ್ಮ ಮನೆ ಮಂಚದ ಹತ್ರಕ್ಕೂ ನಾನೇ ಬರಬೇಕೇನ್ರಿ?"

ಇನ್ನೊಬ್ಬ ತಾಯಿ ಬಂದದ್ದು ಜಗಳಕ್ಕೇ. "ನನ್ನ ಮಗ ಸರ್ಜನ್ ಆಗಬೇಕಾದವನು. ಅವನ ಕೈಗೆ ಸೂಜಿ ದಾರ ಕೊಟ್ಟು ಕೂರಿಸಿದ್ದೀರಂತೆ?"

"ಸರ್ಜನ್ ಆದ್ಮೇಲೆ ಏನು ಮಾಡ್ತಾನೆ ಅಂದ್ಕೊಂಡಿದ್ದೀರಮ್ಮ? ಬರೀ ಕುಯ್ದು ಮನೆಗೆ ಕಳಿಸ್ತಾನಾ?"

ಸ್ಟಾಫ್‌ರೂಮಿನಲ್ಲಿ ಲೆಕ್ಕದ ಮೇಷ್ಟ್ರದು ಬೇರೆ ರಾಗ. ಅವರಿಗೆ ಪ್ರಪಂಚದಲ್ಲಿ ಯಾರ ಪಿರಿಯಡ್ ಖಾಲಿ ಕಂಡರೂ ಅದು ಲೆಕ್ಕಕ್ಕೆ ಸೇರಬೇಕಾದದ್ದು. "ಮೇಡಂ, ಗುಂಡಿ ಇವತ್ತಲ್ಲ ನಾಳೆ ಹೊಲ್ಕೋತಾರೆ. ಬೀಜಗಣಿತ ಆಮೇಲೆ ಕಲಿಯೋಕಾಗುತ್ತಾ?" ಟೀಚರ್ ಸುಮ್ಮನೆ ಅವರ ಅಂಗಿಯ ಹೊಟ್ಟೆಯ ಹತ್ತಿರ ಹಾಕಿದ್ದ ಪಿನ್ನಿನ ಕಡೆ ನೋಡುತ್ತಿದ್ದರು. ಮೇಷ್ಟ್ರು ಕೈ ಅಡ್ಡ ಇಟ್ಟುಕೊಂಡು ಆಚೆ ಹೋಗುತ್ತಿದ್ದರು.

ಇವರನ್ನೆಲ್ಲ ಹೇಗೋ ನಿಭಾಯಿಸುತ್ತಿದ್ದ ಟೀಚರ್ ನಿಜವಾಗಿ ಕಂಗೆಟ್ಟದ್ದು ಆಡಳಿತ ಸಮಿತಿಯ ಅಧ್ಯಕ್ಷರು ಅವರನ್ನು ಮೆಚ್ಚಿಕೊಂಡಾಗ.

ಅಧ್ಯಕ್ಷರು ನಿವೃತ್ತ ಅಧಿಕಾರಿ. ನಿವೃತ್ತಿಯ ಮಾರನೆಯ ದಿನದಿಂದಲೇ ಶಿಕ್ಷಣ ಚಿಂತಕರಾಗಿದ್ದರು. ಮಾತಾಡುವಾಗ ಕಣ್ಣು ಅರ್ಧ ಮುಚ್ಚಿ, ಎದುರಿಗೆ ಒಬ್ಬನೇ ಕೂತಿದ್ದರೂ "ಬಂಧುಗಳೇ" ಎನ್ನುವರು. ಒಂದು ದಿನ ಆ ಕೋಣೆಗೆ ಬಂದು, ಮಕ್ಕಳು ಪರದೆ ನೇತುಹಾಕುವುದನ್ನು ನೋಡಿ, "ಅದ್ಭುತ! ಆದರೆ ಇದಕ್ಕೊಂದು ಚೌಕಟ್ಟು ಬೇಕು" ಎಂದರು. ಟೀಚರ್ ಪಾಪ, ಕಿಟಕಿಗೆ ಎಂದುಕೊಂಡು, "ಹೌದು ಸಾರ್, ಗೆದ್ದಲು ಹಿಡಿದಿದೆ" ಎಂದರು. ಅವರು ಹೇಳಿದ್ದು ವಿಷಯಕ್ಕೆ. ಚೌಕಟ್ಟು ಎಂದರೆ ಪಠ್ಯಪುಸ್ತಕ. ಅದನ್ನು ತಾವೇ ಬರೆದರು.

ಪುಸ್ತಕದ ಹೆಸರು 'ಜೀವನ ಕೌಶಲ ಪ್ರದೀಪಿಕೆ'. ಹಿಂದಿನ ರಕ್ಷಾಪುಟದಲ್ಲಿ ಗಲ್ಲಕ್ಕೆ ಬೆರಳು ಹಚ್ಚಿದ ಅಧ್ಯಕ್ಷರ ಭಾವಚಿತ್ರ. ಒಂದನೇ ಅಧ್ಯಾಯ, ಜೀವನ ಎಂದರೇನು. ಎರಡನೆಯದು, ಕೌಶಲ ಎಂದರೇನು. ಮೂರನೆಯದು, ಜೀವನ ಕೌಶಲ ಎಂದರೇನು. ಹೀಗೆ ಏನು ಎಂದರೇನು ಎಂದು ಕೇಳುತ್ತ ಕೇಳುತ್ತ ಅರ್ಧ ಪುಸ್ತಕ ಮುಗಿದ ಮೇಲೆ ಮೊದಲ ಸೂಜಿ ಕಾಣಿಸಿಕೊಳ್ಳುತ್ತಿತ್ತು.

ಅದರ ನಂತರ ಆದದ್ದಕ್ಕೆ ನಾನು ಕನ್ನಡ ಭಾಷೆಯನ್ನು ದೂರಬೇಕೋ ಪ್ರೆಸ್ಸಿನವನನ್ನು ದೂರಬೇಕೋ ಗೊತ್ತಿಲ್ಲ. ಅಧ್ಯಕ್ಷರು ತೋಟಗಾರಿಕೆಯ ಬಗ್ಗೆಯೂ ಒಂದು ಅಧ್ಯಾಯ ಬರೆದಿದ್ದರು. ಪುಟ ಜಾಸ್ತಿಯಾಗುತ್ತದೆ ಎಂದು ಪ್ರೆಸ್ಸಿನವನು ಹೇಳಿದಾಗ, "ಒಂದೇ ವಿಷಯ ಎರಡು ಕಡೆ ಬಂದಿದ್ದರೆ ಒಟ್ಟಿಗೆ ಸೇರಿಸಿಬಿಡಿ" ಎಂದು ಅಪ್ಪಣೆ ಕೊಟ್ಟರು. ಪ್ರೆಸ್ಸಿನವನು ಹೇಳಿದಷ್ಟನ್ನು ಚಾಚೂ ತಪ್ಪದೆ ಮಾಡುವ ಆಸಾಮಿ. ಗುಂಡಿ ಎರಡು ಕಡೆ ಬಂದಿತ್ತು. ಸೇರಿಸಿದ.

ಅಚ್ಚಾಗಿ ಬಂದ ಪಾಠ ಹೀಗಿತ್ತು: "ಗುಂಡಿ ಹಾಕುವ ವಿಧಾನ. ಮೊದಲು ಸೂಕ್ತ ಸ್ಥಳವನ್ನು ಆರಿಸಿಕೊಳ್ಳಬೇಕು. ಗುಂಡಿಯು ಎರಡು ಅಡಿ ಆಳವಿರಬೇಕು. ಅಂಗಿಯಲ್ಲಿ ಉಳಿದಿರುವ ಹಳೆಯ ದಾರವನ್ನು ಕತ್ತರಿಸಿ ತೆಗೆಯಬೇಕು. ತಳಕ್ಕೆ ಗೊಬ್ಬರ ಹಾಕಿ ಕೆಲವು ದಿನ ಬಿಸಿಲಿಗೆ ಬಿಡಬೇಕು. ಬಳಿಕ ಸೂಜಿಯನ್ನು ಕೆಳಗಿನಿಂದ ಮೇಲಕ್ಕೆ ತರಬೇಕು. ದನಕರು ಬೀಳದಂತೆ ಬೇಲಿ ಕಟ್ಟಬೇಕು." ಪಕ್ಕದಲ್ಲಿ ಚಿತ್ರವೂ ಇತ್ತು: ಒಬ್ಬ ಮನುಷ್ಯ ಎದೆಮಟ್ಟದ ಗುಂಡಿಯಲ್ಲಿ ನಿಂತು ಹೊಲಿಯುತ್ತಿದ್ದಾನೆ. ಚಿತ್ರ ಬರೆದವನ ಕಷ್ಟ ನನಗೆ ಅರ್ಥವಾಯಿತು. ಲೋಕದಲ್ಲಿ ನಾನೊಬ್ಬನೇ ಅಲ್ಲವಲ್ಲ ಎಂದು ಸಮಾಧಾನವೂ ಆಯಿತು.

ಟೀಚರ್ ಪುಸ್ತಕ ಹಿಡಿದು ಹೆಡ್‌ಮಾಸ್ಟರ ಹತ್ತಿರ ಓಡಿದರು. ಹೆಡ್‌ಮಾಸ್ಟರು ಓದಿ, ಕನ್ನಡಕ ಒರೆಸಿ, ಮತ್ತೆ ಓದಿ, "ಅಧ್ಯಕ್ಷರು ಬರೆದದ್ದಮ್ಮ. ಏನೋ ಒಳ ಅರ್ಥ ಇರಬೇಕು" ಎಂದರು.

ಪುಸ್ತಕ ಬಂದ ಮೇಲೆ ಪರೀಕ್ಷೆ ಬಂತು. ಪರೀಕ್ಷೆ ಬಂದ ಮೇಲೆ ಗೈಡು, ಅದರ ಹಿಂದೆಯೇ ಟ್ಯೂಷನ್ನು. ಮಗ ಏಳುವುದಿಲ್ಲ ಎಂದು ದೂರು ತಂದಿದ್ದ ತಂದೆಯೇ ಅವನನ್ನು ಬೆಳಗಾಗುವ ಮೊದಲು ಎಬ್ಬಿಸಿ ಗುಂಡಿ ಟ್ಯೂಷನ್ನಿಗೆ ಬಿಟ್ಟುಬರತೊಡಗಿದರು. ಪಕ್ಷಪಾತ ಆಗಬಾರದೆಂದು ಉತ್ತರಪತ್ರಿಕೆಗಳನ್ನು ಗುಂಡಿ ಟೀಚರ್‌ಗೆ ಕೊಡದೆ ಲೆಕ್ಕದ ಮೇಷ್ಟ್ರಿಗೆ ಕೊಟ್ಟರು. ಫಲಿತಾಂಶ ನೂರಕ್ಕೆ ನೂರು. ನನ್ನ ಮಗಳಿಗೂ ಪೂರ್ತಿ ಅಂಕ. ಅವಳ ಉತ್ತರ ಓದಿ ನನ್ನ ಕಣ್ಣು ಕತ್ತಲಿಟ್ಟಿತು. ಅಂಗಿಗೆ ಎರಡು ಅಡಿ, ಗೊಬ್ಬರ, ಬೇಲಿ ಎಲ್ಲವೂ ಇದ್ದವು.

"ಅಲ್ಲ ಕಣೇ, ನೀನು ಇಷ್ಟು ದಿನದಿಂದ ಕೈಯಾರೆ ಗುಂಡಿ ಹೊಲೀತಾ ಇದ್ದೀಯ. ನಿನಗೆ ಗೊತ್ತಿಲ್ವಾ?"

"ಗೊತ್ತು ಅಪ್ಪ. ಗೊತ್ತಿರೋದು ಬರೆದ್ರೆ ಮಾರ್ಕ್ಸ್ ಬರಲ್ಲ. ನನ್ನ ಪಕ್ಕದವಳು ಬರೀ ಸೂಜಿ ದಾರ ಅಂತ ಬರೆದು ಆ ಪ್ರಶ್ನೆಗೆ ಸೊನ್ನೆ ತಗೊಂಡಳು."

ಮಾರನೆಯ ದಿನ ಸ್ಟಾಫ್‌ರೂಮಿನಲ್ಲಿ ಟೀಚರ್ ಲೆಕ್ಕದ ಮೇಷ್ಟ್ರನ್ನು ಹಿಡಿದು ನಿಲ್ಲಿಸಿದರು. "ಓದಿ ಮಾರ್ಕ್ಸ್ ಕೊಟ್ರಾ ಸಾರ್, ಓದದೆ ಕೊಟ್ರಾ?"

"ಕೀ ಆನ್ಸರ್ ಪ್ರಕಾರ ಕೊಟ್ಟೆ ಮೇಡಂ. ಗೊಬ್ಬರ ಬರೆದವರಿಗೆ ಪೂರ್ತಿ, ಬೇಲಿ ಬಿಟ್ಟವರಿಗೆ ಒಂದು ಕಟ್."

ಈ ಅಮೋಘ ಫಲಿತಾಂಶದಿಂದ ಅಧ್ಯಕ್ಷರಿಗೆ ಇನ್ನೊಂದು ಚಿಂತನೆ ಹೊಳೆಯಿತು. ಸಮಿತಿಯ ಸಭೆಯಲ್ಲಿ ಮಂಡಿಸಿದರು. "ಬಂಧುಗಳೇ, ವಿಷಯವನ್ನು ಮಕ್ಕಳು ಪುಸ್ತಕದಿಂದಲೇ ಇಷ್ಟು ಚೆನ್ನಾಗಿ ಕಲಿಯುತ್ತಿರುವಾಗ ಆ ಹೊಗೆ ಹಿಡಿದ ಕೋಣೆ ಯಾಕೆ? ಅದನ್ನು ಖಾಲಿ ಮಾಡಿ ಸಮಿತಿಗೊಂದು ಸಭಾಂಗಣ ಮಾಡೋಣ." ಕೋಣೆ ಬದಲಾಯಿಸಲು ಶಿಕ್ಷಣಾಧಿಕಾರಿಯ ಒಪ್ಪಿಗೆ ಬೇಕು. ಸೋಮವಾರ ಅವರು ಬಂದು ನೋಡಿ ಸಹಿ ಹಾಕಿದರೆ ಒಲೆ, ಇಸ್ತ್ರಿಪೆಟ್ಟಿಗೆ, ತೂತಿನ ಗೋಡೆ ಎಲ್ಲಕ್ಕೂ ಮುಕ್ತಾಯ. ಟೀಚರ್‌ಗೆ ಪುಸ್ತಕ ಮಾತ್ರ ಉಳಿಯುತ್ತದೆ.

ಅಂದು ಸಂಜೆ ಬಸ್ ಸ್ಟಾಪಿನಲ್ಲಿ ಟೀಚರ್ ಸಿಕ್ಕಿದರು. ನಾನು ಸಮಾಧಾನ ಹೇಳುವ ಹುಮ್ಮಸ್ಸಿನಲ್ಲಿ, "ಹೋದ್ರೆ ಹೋಗಲಿ ಬಿಡಿ ಮೇಡಂ. ಹೇಗಿದ್ರೂ ದಿನಾ ಬೈಕೊಂಡೇ ಮಾಡ್ತಿದ್ರಿ. ಅದೂ ಅಲ್ದೆ ಇದೆಲ್ಲ ಮನೇಲಿ ಕಲಿಸಬೇಕಾದ್ದಲ್ವೇ?" ಎಂದೆ.

"ಮನೇಲೇ ಕಲಿಸಬೇಕು. ನಾನೆಲ್ಲಿ ಇಲ್ಲ ಅಂದೆ? ನಿಮಗೆ ಗುಂಡಿ ಹೊಲಿಯೋಕೆ ಬರುತ್ತಾ?"

ನಾನು ಬಸ್ಸು ಬಂತೇ ಎಂದು ಆ ಕಡೆ ನೋಡಿದೆ.

"ನೋಡಿ, ಮನೆಯವರು ಸ್ಕೂಲಲ್ಲಿ ಕಲಿಸಲಿ ಅಂತಾರೆ. ಸ್ಕೂಲಿನವರು ಮನೇಲಿ ಕಲೀಲಿ ಅಂತಾರೆ. ಇಬ್ಬರೂ ಸರಿಯಾಗೇ ಹೇಳ್ತಾರೆ, ಮಧ್ಯದಲ್ಲಿ ಆ ಮಗು ಹಸಿ ಮೊಟ್ಟೆ ಹಿಡ್ಕೊಂಡು ನಿಂತಿರುತ್ತೆ." ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡರು. "ನನಗೆ ಮೊದಲನೇ ಕೆಲಸ ಸಿಕ್ಕಿದ್ದು ಗೊತ್ತಿಲ್ಲದ ಊರಲ್ಲಿ. ಬಾಡಿಗೆ ಕೋಣೆ. ಅಮ್ಮ ಹೊಸ ಸ್ಟವ್ವು, ಪಾತ್ರೆ, ಎಲ್ಲ ಕಟ್ಟಿ ಕಳಿಸಿದ್ದಳು. ಓದೋ ಹುಡುಗಿ ಅಂತ ಅದುವರೆಗೂ ಅಡುಗೆಮನೆಗೆ ಬಿಟ್ಟೇ ಇರಲಿಲ್ಲ. ಸ್ಟವ್ ಹಚ್ಚೋಕೆ ಬರಲಿಲ್ಲ. ದಹನಕ್ರಿಯೆ ಬಗ್ಗೆ ಯಾರಾದ್ರೂ ಕೇಳಿದ್ರೆ ಬೋರ್ಡಿನ ತುಂಬ ಬರೀತಿದ್ದೆ. ಪಕ್ಕದ ಮನೇಲಿ ಕೇಳೋಕೆ ನಾಚಿಕೆ. ಯೂನಿವರ್ಸಿಟಿಗೇ ಮೊದಲು ಬಂದವಳು ಬೆಂಕಿಕಡ್ಡಿ ಹಿಡ್ಕೊಂಡು ಹೋಗಿ ಕೇಳೋದಾ? ಹೊಟ್ಟೆಗೆ ನೀರು ಕುಡಿದು ಮಲಗಿದೆ. ಪೆಟ್ಟಿಗೇಲಿ ಗೋಲ್ಡ್ ಮೆಡಲ್ ಇತ್ತಲ್ಲ, ತೆಗೆದು ಕಚ್ಚಿ ನೋಡಿದೆ. ಮೆತ್ತಗಾಗಲಿಲ್ಲ."

ನಗಬೇಕೆಂದುಕೊಂಡೆ. ಅವರು ನಗದೇ ಇದ್ದುದರಿಂದ ಮತ್ತೆ ಬಸ್ಸಿನ ದಾರಿ ನೋಡಿದೆ.

"ಆ ಕೋಣೇಲಿ ಮಕ್ಕಳು ನನ್ನ ಎದುರಿಗೆ ಪೆದ್ದು ಪೆದ್ದಾಗಿ ಮಾಡ್ತಾರೆ, ನಾನು ಬೈತೀನಿ, ಅವರು ನಗ್ತಾರೆ. ನಾಚಿಕೆ ಅಲ್ಲೇ ಮುಗಿದುಹೋಗುತ್ತೆ. ಪುಸ್ತಕದಲ್ಲಿ ಯಾರ ಮುಂದೆ ಪೆದ್ದಾಗೋದು? ಅದು ಹೋದ್ರೆ ನನಗೆ ಸಿಟ್ಟಲ್ಲ ಗುದ್ದಲಿಯವರೇ, ಹೊಟ್ಟೆ ಉರಿಯುತ್ತೆ." ಬಸ್ಸು ಬಂತು. ಹತ್ತಿ ಹೋದರು.

ಸೋಮವಾರ ಶಿಕ್ಷಣಾಧಿಕಾರಿ ಬಂದರು. ಎಷ್ಟೋ ಶಾಲೆ ಸುತ್ತಿ ದಣಿದ, ಎಲ್ಲ ಮಾತಿಗೂ "ಹ್ಞೂಂ" ಎನ್ನುವ ಹೆಂಗಸು. ಕೋಣೆಯಲ್ಲಿ ಅಧ್ಯಕ್ಷರು, ಹೆಡ್‌ಮಾಸ್ಟರು, ಲೆಕ್ಕದ ಮೇಷ್ಟ್ರು, ಪೋಷಕರ ಪರವಾಗಿ ನಾನು. ಗೋಡೆಗುಂಟ ಹತ್ತನೇ ತರಗತಿಯ ಮಕ್ಕಳು. ಟೀಚರ್ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದರು. ಬೆಳಗಿನಿಂದ ಯಾರನ್ನೂ ಬೈದಿರಲಿಲ್ಲ. ಅದು ಎಲ್ಲಕ್ಕಿಂತ ಭಯವಾಗುವಂತಿತ್ತು.

ಅಧ್ಯಕ್ಷರು ಶುರು ಮಾಡಿದರು. ಅವರು ಕಣ್ಣು ಅರ್ಧ ಮುಚ್ಚಿ ಜೀವನದವರೆಗೆ ಬಂದಾಗ ಮೂಲೆಯ ತೊಟ್ಟಿಯ ನಲ್ಲಿ 'ಟಪ್' ಎಂದಿತು. ಕೌಶಲಕ್ಕೆ ಬಂದಾಗ ಮತ್ತೆ 'ಟಪ್'. ಅದು ಮಕ್ಕಳು ಬಿಚ್ಚಿ ಜೋಡಿಸಿ ಕಲಿಯಲೆಂದೇ ಟೀಚರ್ ಇಟ್ಟಿದ್ದ ನಲ್ಲಿ. ಅದರ ತಲೆಯನ್ನು ಹಿಡಿದಿದ್ದ ಸ್ಕ್ರೂ ಬಿಚ್ಚಿ ಬಿಚ್ಚಿ ಹೆಸರಿಗೆ ಮಾತ್ರ ಉಳಿದಿತ್ತು. ಮುಟ್ಟುವ ಮೊದಲು ತೊಟ್ಟಿಯ ಕೆಳಗಿನ ವಾಲ್ವ್ ಮುಚ್ಚಬೇಕು ಎಂಬುದು ಆ ಕೋಣೆಗೆ ಕಾಲಿಟ್ಟ ಎಲ್ಲ ಮಕ್ಕಳಿಗೂ ಗೊತ್ತಿದ್ದ ಕಾಯಿದೆ.

ಮೂರನೇ ಸಲ 'ಟಪ್' ಎಂದಾಗ ಅಧ್ಯಕ್ಷರು ಮುಗುಳ್ನಕ್ಕರು. "ನೋಡಿ ಮೇಡಂ, ಸೋರುವ ನಲ್ಲಿ! ಇದಕ್ಕೂ ನಮ್ಮ ಪುಸ್ತಕದಲ್ಲಿ ಒಂದು ಅಧ್ಯಾಯವಿದೆ." ಪರೀಕ್ಷೆಯಲ್ಲಿ ಮೊದಲು ಬಂದ ಹುಡುಗಿಯನ್ನು ಕರೆದು, "ಹೇಳು ಮಗು, ಏನು ಮಾಡಬೇಕು?" ಎಂದರು.

ಹುಡುಗಿ ಕೈಕಟ್ಟಿ ಒಪ್ಪಿಸಿದಳು. "ಸೋರುವ ನಲ್ಲಿಯನ್ನು ಕಂಡಾಗ ಮೊದಲನೆಯದಾಗಿ ನೀರಿನ ಮಹತ್ವವನ್ನು ಮನಗಾಣಬೇಕು. ಎರಡನೆಯದಾಗಿ ಕುಟುಂಬದ ಹಿರಿಯರ ಗಮನಕ್ಕೆ ತರಬೇಕು. ಮೂರನೆಯದಾಗಿ ನಲ್ಲಿಯನ್ನು ದೃಢಚಿತ್ತದಿಂದ ಬಿಗಿಗೊಳಿಸಬೇಕು."

"ಭೇಷ್! ದೃಢಚಿತ್ತದಿಂದ!" ಅಧ್ಯಕ್ಷರು ಎದ್ದೇಬಿಟ್ಟರು. ತೋಳು ಮಡಚಿಕೊಂಡು ತೊಟ್ಟಿಯ ಕಡೆ ನಡೆದರು.

"ಸಾರ್, ಅದನ್ನ ಮುಟ್ಟಬೇಡಿ" ಎಂದರು ಟೀಚರ್.

"ಅಮ್ಮಾ, ಈ ವಿಷಯದ ಮೇಲೆ ಪುಸ್ತಕ ಬರೆದಿರೋನು ನಾನು."

"ಪುಸ್ತಕ ಏನಾದ್ರೂ ಆಗಲಿ ಸಾರ್, ಮೊದಲು ಕೆಳಗೆ..."

ಅಷ್ಟರಲ್ಲಿ ಅವರು ದೃಢಚಿತ್ತದಿಂದ ತಿರುಗಿಸಿಯಾಗಿತ್ತು. ನಲ್ಲಿಯ ತಲೆ ಅವರ ಕೈಗೆ ಬಂತು. ನೀರು ಚಾವಣಿಗೆ ಹೋಯಿತು.

ಮುಂದಿನದನ್ನು ಕ್ರಮವಾಗಿ ಹೇಳುವುದು ಕಷ್ಟ. "ವಾಲ್ವ್! ವಾಲ್ವ್ ಮುಚ್ರೋ ಕತ್ತೆಗಳಾ!" ಎಂದು ಮೊದಲು ಕಿರುಚಿದ್ದು ನೀರಿನ ಮಹತ್ವ ಒಪ್ಪಿಸಿದ ಅದೇ ಹುಡುಗಿ. ಒಬ್ಬ ಹುಡುಗ ತೊಟ್ಟಿಯ ಕೆಳಗೆ ನುಗ್ಗಿ ತಿರುಗಿಸಿದ. ನೀರು ಇನ್ನೂ ಜೋರಾಯಿತು. "ಆ ಕಡೆ ಅಲ್ವೋ, ಈ ಕಡೆ!" ಎಂದು ಎಲ್ಲರೂ ಕೂಗಿದರು. ಒಬ್ಬಳು ಓಡಿ ಹೋಗಿ ಇಸ್ತ್ರಿಪೆಟ್ಟಿಗೆಯ ಪ್ಲಗ್ ಕಿತ್ತಳು. ಇನ್ನೊಬ್ಬ ಅಧಿಕಾರಿಯ ಕಡತವನ್ನು ಎತ್ತಿ ಕಪಾಟಿನ ಮೇಲಿಟ್ಟ. ಮತ್ತೊಬ್ಬ ಅವಸರದಲ್ಲಿ ಜಾರಿ, ಲೆಕ್ಕದ ಮೇಷ್ಟ್ರನ್ನು ಹಿಡಿದುಕೊಂಡು, ಇಬ್ಬರೂ ಒಟ್ಟಿಗೆ ಕೂತರು. ಮೇಷ್ಟ್ರ ಪಿನ್ನು ಆಗಲೇ ಬಿಟ್ಟುಕೊಂಡದ್ದು. ಹೆಡ್‌ಮಾಸ್ಟರು ಬಾಗಿಲ ಬಳಿ ನಿಂತು ಯಾರಿಗೂ ಕೇಳಿಸದಂತೆ "ಶಾಂತಿ, ಶಾಂತಿ" ಎನ್ನುತ್ತಿದ್ದರು. ಟೀಚರ ದನಿ ವಾಪಸ್ಸು ಬಂದಿತ್ತು. "ಏಯ್, ಬಟ್ಟೆ ತಗೊಳ್ರೋ! ಅದಲ್ವೋ, ಅದು ಪರದೆ! ನೀರನ್ನ ಬಾಗಿಲ ಕಡೆ ತಳ್ಳೇ, ನನ್ನ ಕಡೆ ಯಾಕೆ ತಳ್ತೀಯ?" ಆ ಬೈಗುಳದ ನಡುವೆ ಎಲ್ಲೋ ವಾಲ್ವ್ ಮುಚ್ಚಿಕೊಂಡಿತು. ಕಾರಂಜಿ ಕುಗ್ಗಿ, ಬಿಕ್ಕಿ, ನಿಂತಿತು.

ಶಿಕ್ಷಣಾಧಿಕಾರಿ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಮಕ್ಕಳು ಇದ್ದ ಒಂದು ಮಾಪಿಗಾಗಿ ಕಿತ್ತಾಡುತ್ತ ನೆಲ ಒರೆಸುವುದನ್ನು ಸ್ವಲ್ಪ ಹೊತ್ತು ನೋಡಿದರು. ಹೆಡ್‌ಮಾಸ್ಟರು ಸಹಿಯ ಕಾಗದ ಚಾಚಿದಾಗ ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇದು ಬೇಡ" ಎಂದರು ಅಧಿಕಾರಿ. "ಏನಾದ್ರೂ ಮುಚ್ಚಲೇಬೇಕು ಅಂತಿದ್ರೆ ಆ ಪುಸ್ತಕ ಮುಚ್ಚಿ. ಕೋಣೆ ಇರಲಿ. ಅಂದಹಾಗೆ ಇನ್ನೊಂದು ಮಾಪ್ ತರಿಸಿ." ಅವರು ಬಂದ ಮೇಲೆ ಆಡಿದ ಮೊದಲ ಉದ್ದದ ಮಾತು ಅದೇ.

ಟೀಚರ್ ಕೋಟಿನ ತೋಳಿನಿಂದ ಒಮ್ಮೆ ಮುಖ ಒರೆಸಿಕೊಂಡರು. ಆ ನೀರು ನಲ್ಲಿಯದೇ ಇರಬೇಕು. ಆಮೇಲೆ ಕಿತ್ತಾಡುತ್ತಿದ್ದವರ ಕೈಯಿಂದ ಮಾಪನ್ನು ಕಸಿದುಕೊಂಡು ತಾವೇ ಒರೆಸತೊಡಗಿದರು.

ಅಧ್ಯಕ್ಷರು ಮಾತ್ರ ಕುರ್ಚಿಗೆ ವಾಪಸ್ಸಾಗಿ ನಲ್ಲಿಯ ತಲೆಯನ್ನು ಇನ್ನೂ ಮುಷ್ಟಿಯಲ್ಲೇ ಹಿಡಿದು ಕೂತಿದ್ದರು. ಅವರ ಗಲ್ಲದಿಂದ ಹನಿ ಬೀಳುತ್ತಿತ್ತು. ಗಂಟಲು ಸರಿ ಮಾಡಿಕೊಂಡರು. ಕಣ್ಣು ಅರ್ಧ ಮುಚ್ಚಿದರು.

"ಎಲ್ಲ ಸರಿ. ಆದರೆ ಒಬ್ಬ ಶಿಕ್ಷಣ ಚಿಂತಕನಾಗಿ ನಾನು ಇದನ್ನು ಕೇಳಲೇಬೇಕು. ಈಗ ಇಲ್ಲಿ ನಡೆದದ್ದರಿಂದ, ನಿಮ್ಮ ಅಭಿಪ್ರಾಯದಲ್ಲಿ, ಮಕ್ಕಳು ಸಾಧಿಸಿದ ಕಲಿಕಾ ಫಲ ಏನು?"

ಟೀಚರ್ ಮಾಪು ತಳ್ಳುತ್ತ ಕುರ್ಚಿಯ ಹತ್ತಿರ ಬಂದಿದ್ದರು.

"ಕಾಲು ಎತ್ತಿ ಸಾರ್. ಒರೆಸಬೇಕು."